ಮುಂಗೋಣೆಯ ಅಣಬೆ

ಯುದಿತಕ್ಕ ಚೌಕಾಸಿ ಮಾಡುವವಳಲ್ಲ. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪೀಡೆ ಬೇರೆ ಇಲ್ಲ. ನಾನೊಂದು ಬೆಲೆ ಹೇಳುತ್ತೇನೆ. ಅವಳು ಕಾಫಿಯ ಪುಟ್ಟ ಬಟ್ಟಲನ್ನು ನನ್ನ ಕಡೆ ಸರಿಸಿ, ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತು, ಏನೂ ಹೇಳದೆ ನನ್ನ ಮುಖವನ್ನೇ ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ನನಗೇ ನಾಚಿಕೆಯಾಗಿ ಬೆಲೆ ಏರಿಸುತ್ತೇನೆ. ವ್ಯಾನಿನಲ್ಲಿ ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಸರ್ಬಿಯಾದ ಈ ಬಾಚ್ಕಾ ಬಯಲಿನ ಹಳ್ಳಿಗಳಲ್ಲಿ ಲಿಂಡೆನ್ ಹೂವು, ಕ್ಯಾಮೊಮೈಲ್, ಕಾಡುಗುಲಾಬಿಯ ಕಾಯಿ, ಒಣಗಿದ ಅಣಬೆ ಕೊಂಡು ನೋವಿ ಸಾದ್ ಪಟ್ಟಣದ ಮೂಲಿಕೆ ಅಂಗಡಿಗಳಿಗೆ ಮಾರಿ ಬದುಕುವವನು ನಾನು. ಸರ್ಬರು, ಹಂಗೇರಿಯವರು, ನಮ್ಮ ಸ್ಲೋವಾಕರು, ಎಲ್ಲರಿಗೂ ಅವರವರ ಭಾಷೆಯಲ್ಲೇ ಸುಳ್ಳು ಹೇಳಬಲ್ಲೆ. ಯುದಿತಕ್ಕನ ಮೌನಕ್ಕೆ ಮಾತ್ರ ನನ್ನ ಹತ್ತಿರ ಭಾಷೆಯಿಲ್ಲ.

ಅವಳಿಗೆ ಈಗ ಎಪ್ಪತ್ತರ ಹತ್ತಿರ. ಎತ್ತರದ, ಒಣಕಲು ಹೆಂಗಸು. ನಡೆಯುವಾಗ ಯಾವುದೋ ಕಾಣದ ಕೊಡವನ್ನು ತಲೆಯ ಮೇಲೆ ಹೊತ್ತವಳ ಹಾಗೆ ನೆಟ್ಟಗೆ ನಡೆಯುತ್ತಾಳೆ. ಊರ ಸೆಣಬಿನ ಕಾರ್ಖಾನೆಯಲ್ಲಿ ನಾರು ಬಾಚುವ ಯಂತ್ರದ ಮುಂದೆ ನಿಂತು ದುಡಿದವಳು, ಕಾರ್ಖಾನೆ ಮುಚ್ಚಿದಾಗ ಮನೆ ಸೇರಿದವಳು. ಮದುವೆಯಾಗಲಿಲ್ಲ. ಅದಕ್ಕೊಂದು ಕಾರಣವಿದೆ, ಕಾರಣಕ್ಕೆ ಸಾಮ್ಕೊ ಎಂಬ ಹೆಸರಿದೆ. ಬೀದಿಯ ಆಚೆ ಬದಿಯಲ್ಲಿ, ಅವಳ ಮನೆಗೆ ಓರೆಯಾಗಿ ಎದುರಿರುವ ಹಳದಿ ಮನೆಯ ಮುಂದೆ, ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಿರುತ್ತಾನಲ್ಲ, ಅವನೇ.

ನಮ್ಮಲ್ಲಿ ಸೆಣಬು ಎಂದರೆ ಭಂಗಿಯ ಗಿಡ, ನಶೆ ಇಲ್ಲದ ತಳಿ. ಪಟ್ಟಣದ ಪಡ್ಡೆಗಳು ಒಮ್ಮೆ ಹೊಲಕ್ಕೆ ನುಗ್ಗಿ ಎಲೆ ಕದ್ದು ಸೇದಿ, ತಲೆನೋವು ಹಿಡಿಸಿಕೊಂಡು ಬಸ್ಸು ಹತ್ತಿದ್ದನ್ನು ನಾನೇ ನೋಡಿದ್ದೇನೆ. ಗಿಡದ ಬೆಲೆಯೆಲ್ಲ ಅದರ ನಾರಿನಲ್ಲಿ. ಕೊಯ್ದ ದಂಟನ್ನು ಹೊಂಡದ ನೀರಿನಲ್ಲಿ ಮುಳುಗಿಸಿ ಕೊಳೆಹಾಕಬೇಕು, ತೆಗೆದು ಒಣಗಿಸಿ ಬಡಿಯಬೇಕು. ಆಗ ನಾರು ಒಂದು ಕಡೆಗೆ ಬರುತ್ತದೆ, ಒಳಗಿನ ಬಿಳಿ ದಂಟು ಚೂರುಚೂರಾಗಿ ಇನ್ನೊಂದು ಕಡೆಗೆ ಉದುರುತ್ತದೆ. ಕಾರ್ಖಾನೆಯ ಕಾಲದಲ್ಲಿ ಆ ಹೊಂಡಕ್ಕಿಳಿದು, ಸೊಂಟದ ತನಕ ನೀರಿನಲ್ಲಿ ನಿಂತು, ಕಟ್ಟುಗಳ ಮೇಲೆ ಕೆಸರು ಹೇರಿ ಮುಳುಗಿಸುತ್ತಿದ್ದ ಆಳುಗಳಲ್ಲಿ ಸಾಮ್ಕೊ ಒಬ್ಬ. ಹೊಂಡದ ಕೆಲಸದವರ ನಾತ ಎಂಥದೆಂದರೆ, ಅವರು ನೃತ್ಯಕ್ಕೆ ಬಂದರೆ ಅಕಾರ್ಡಿಯನ್ ನುಡಿಸುವವನೂ ಕಿಟಕಿಯ ಹತ್ತಿರ ಸರಿದು ಕೂರುತ್ತಿದ್ದ. ಯುದಿತಕ್ಕ ಮಾತ್ರ ಸರಿಯುತ್ತಿರಲಿಲ್ಲ. ಸಾಮ್ಕೊನ ಜೊತೆ ಕಡೆಯ ಹಾಡಿನವರೆಗೂ ಕುಣಿಯುತ್ತಿದ್ದಳಂತೆ. ಇದನ್ನು ಹೇಳಿದ್ದು ಅವಳಲ್ಲ, ಪಕ್ಕದ ಮನೆಯ ಜೋಫ್ಕಾ. ಯುದಿತಕ್ಕ ಹೇಳದಿರುವುದನ್ನೆಲ್ಲ ಹೇಳುವುದಕ್ಕೆಂದೇ ದೇವರು ಜೋಫ್ಕಾಳನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದಾನೆ.

ಸಾಮ್ಕೊ ಹೆಣ್ಣು ಕೇಳಲು ಬಂದಾಗ ಯುದಿತಕ್ಕನ ತಾಯಿ ಗೇಟಿನಲ್ಲೇ ನಿಲ್ಲಿಸಿದಳು. "ಹೊಂಡದ ನಾತ ನನ್ನ ಮುಂಗೋಣೆಗೆ ಬರೋದು ಬೇಡ" ಎಂದಳು. ಆ ಮುಂಗೋಣೆಯ ಹಾಸು, ದಿಂಬಿನ ಚೀಲ, ಪರದೆ ಎಲ್ಲವೂ ಅದೇ ಹೊಂಡದಲ್ಲಿ ಕೊಳೆತ ನಾರಿನಿಂದ ನೇಯ್ದವು ಎಂದು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮುಂಗೋಣೆ ನಮ್ಮವರಿಗೆ ಮನೆಯ ಮುಖ. ಬೀದಿಯ ಕಡೆಗಿರುವ ಆ ಕೋಣೆಯಲ್ಲಿ ಯಾರೂ ವಾಸಿಸುವುದಿಲ್ಲ. ಸೂರು ಮುಟ್ಟುವಂತೆ ದಿಂಬು ಪೇರಿಸಿದ ಎರಡು ಮಂಚ, ಮಗಳ ಮದುವೆಯ ಬಟ್ಟೆ ತುಂಬಿದ ಪೆಟ್ಟಿಗೆ, ಗೋಡೆಯಲ್ಲಿ ಕೋಪಗೊಂಡ ಮುಖದ ಅಜ್ಜಂದಿರು. ಕಿಟಕಿಯ ಹೊರಗಿನ ಮರದ ಹಲಗೆಗಳು ಬೇಸಿಗೆ ಚಳಿಗಾಲವೆನ್ನದೆ ಮುಚ್ಚಿರುತ್ತವೆ. ಅವನ್ನು ತೆರೆಯುವುದು ಎರಡೇ ಸಂದರ್ಭಕ್ಕೆ: ಮನೆಯಿಂದ ಮದುಮಗಳು ಹೊರಡುವಾಗ, ಇಲ್ಲವೇ ಹೆಣ ಹೊರಡುವಾಗ. ಹಲಗೆ ತೆರೆದದ್ದು ಕಂಡರೆ ಬೀದಿಯವರು ತಮ್ಮ ಬಟ್ಟೆಯ ಪೆಟ್ಟಿಗೆಯ ಮುಂದೆ ನಿಂತು ಯೋಚಿಸುವುದು ಇಷ್ಟೇ: ಬಿಳಿ ಅಂಗಿಯೋ, ಕರಿ ಕೋಟೋ?

ಸಾಮ್ಕೊ ಪಕ್ಕದೂರಿನ ಹುಡುಗಿಯನ್ನು ಮದುವೆಯಾದ, ಮಕ್ಕಳಾದವು, ದೊಡ್ಡವಾದವು, ಹೆಂಡತಿ ತೀರಿಕೊಂಡಳು. ಯುದಿತಕ್ಕನ ತಾಯಿ ಇದನ್ನೆಲ್ಲ ನೋಡಿಕೊಂಡೇ ತೊಂಬತ್ತು ದಾಟಿ ಬದುಕಿದಳು. ಹಟಕ್ಕೆ ಆಯುಷ್ಯ ಜಾಸ್ತಿ ಎಂದು ಊರಲ್ಲಿ ನಗುತ್ತಿದ್ದರು. ಕೊನೆಗೂ ಅವಳು ಹೋದಾಗ ಮುಂಗೋಣೆಯ ಹಲಗೆಗಳು ತೆರೆದವು. ಸಾಮ್ಕೊ ಬಂದ, ಬೀದಿಯ ಅಕೇಶಿಯಾ ಮರದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ನಿಂತ, ಒಳಗೆ ಬರಲಿಲ್ಲ. ಹೆಣ ಎತ್ತಿದರು, ಹಲಗೆ ಮುಚ್ಚಿದರು. ಆಮೇಲೆ ಇಬ್ಬರನ್ನೂ ತಡೆಯುವವರು ಯಾರೂ ಇರಲಿಲ್ಲ. ಆದರೂ ಅವನು ಬೀದಿ ದಾಟಲಿಲ್ಲ, ಅವಳು ಕರೆಯಲಿಲ್ಲ.

ಇಂಥ ಮನೆಗೆ ನಾನು ಅಣಬೆ ತಂದಿಟ್ಟೆ.

"ಯುದಿತಕ್ಕ, ಕ್ಯಾಮೊಮೈಲ್ ಬಗ್ಗಿ ಬಗ್ಗಿ ಕೊಯ್ದು ನಿನ್ನ ಸೊಂಟ ಹೋಯ್ತು. ನಿಂತಲ್ಲೇ ಬೆಳೆಯೋದು ಒಂದಿದೆ" ಎಂದೆ.

"ಏನದು?"

"ಮೆರುಗು ಅಣಬೆ. ಔಷಧಿ ಅಂತ ಪಟ್ಟಣದೋರು ಮುಗಿಬೀಳ್ತಾರೆ."

"ಯಾವ ಕಾಯಿಲೆಗೆ?"

"ಕೊಳ್ಳೋರಿಗೆ ಯಾವುದಿದೆಯೋ ಅದಕ್ಕೆ."

"ನೀನು ಕುಡಿದಿದೀಯಾ ಮಿಹಲ್?"

"ಒಂದ್ಸಲ ಕಷಾಯ ಮಾಡಿ ಕುಡಿದೆ. ವಿಪರೀತ ಕಹಿ. ಇನ್ನೊಂದ್ಸಲ ಕುಡಿಯೋ ಅಂಥ ಕಾಯಿಲೆ ಬರ್ಲಿಲ್ಲ ದೇವರ ದಯೆಯಿಂದ."

ಅವಳು ನಗಲಿಲ್ಲ. ಆದರೆ ಕಾಫಿ ಇನ್ನೊಂದು ಸಲ ತುಂಬಿಸಿದಳು. ಯುದಿತಕ್ಕನ ನಗು ಅದೇ.

ಊರಾಚೆ ಒಬ್ಬ ರೈತ ಈಚೆಗೆ ಮತ್ತೆ ಸೆಣಬು ಹಾಕತೊಡಗಿದ್ದ. ನಾರು ಅವನದು, ದಂಟಿನ ಚೂರನ್ನು ಕುದುರೆಯ ಕೆಳಗೆ ಹಾಸಲು ಯಾರಾದರೂ ಒಯ್ದರೆ ಸಾಕು ಎಂದು ರಾಶಿ ಹಾಕಿದ್ದ. ಅದನ್ನು ಚೀಲ ಚೀಲ ತಂದುಕೊಟ್ಟೆ, ಅಣಬೆಯ ಬೀಜ ಹತ್ತಿದ ಕಾಳಿನ ಬಾಟಲಿಗಳನ್ನು ಪಟ್ಟಣದಿಂದ ತಂದುಕೊಟ್ಟೆ. ಉಳಿದದ್ದು ಅವಳದು. ಚೂರನ್ನು ನೆನೆಸಿ, ಗೋಧಿ ಹೊಟ್ಟು ಬೆರೆಸಿ, ಮುಷ್ಟಿಯಲ್ಲಿ ಹಿಂಡಿ ಹದ ನೋಡಿ, ಶಾಖ ತಡೆಯುವ ಚೀಲಗಳಿಗೆ ತುಂಬಿದಳು. ಹಂದಿ ಕೊಯ್ಯುವ ದಿನ ಅಂಗಳಕ್ಕೆ ಬರುವ ದೊಡ್ಡ ಕಡಾಯಿಯನ್ನು ಒಲೆಯ ಮೇಲಿಟ್ಟು ಇಡೀ ದಿನ ಹಬೆಯಲ್ಲಿ ಬೇಯಿಸಿದಳು. ಆರಿದ ಮೇಲೆ ಕೈಗೆ ಸಾರಾಯಿ ಹಚ್ಚಿಕೊಂಡು ಬೀಜ ಹಾಕಿ ಬಾಯಿ ಕಟ್ಟಿದಳು. ಅದು ಪ್ಲಮ್ ಹಣ್ಣಿನ ಒಳ್ಳೆಯ ಸಾರಾಯಿ. ನೋಡಿ ನನ್ನ ಹೊಟ್ಟೆ ಉರಿಯಿತು.

ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ನೆಲಮಾಳಿಗೆ ತೀರಾ ತಂಪು, ಕೊಟ್ಟಿಗೆಯಲ್ಲಿ ಇಲಿ, ಅವಳು ಮಲಗುವ ಹಿಂದಿನ ಕೋಣೆಯಲ್ಲಿ ಒಲೆಯ ಹೊಗೆ. ಉಳಿದದ್ದು ಮುಂಗೋಣೆ. ದಪ್ಪ ಮಣ್ಣಿನ ಗೋಡೆ. ಬೇಸಿಗೆ ಪೂರ್ತಿ ಹದವಾದ ಬಿಸಿ. ಅವಳು ದಿಂಬುಗಳನ್ನು ಇಳಿಸಿ ಅಟ್ಟಕ್ಕೇರಿಸಿದಳು. ಮದುವೆಗೆಂದು ಮಾಡಿಸಿದ ಮಂಚಗಳ ಬೋಳು ಹಲಗೆಯ ಮೇಲೆ ಚೀಲಗಳನ್ನು ಸಾಲಾಗಿ ನಿಲ್ಲಿಸಿದಳು.

"ನಿಮ್ಮಮ್ಮ ಇದ್ದಿದ್ರೆ ಏನಂತಿದ್ರು?" ಎಂದೆ.

"ಅಮ್ಮ ಇಲ್ಲ" ಎಂದಳು. ಆ ಎರಡು ಮಾತಿನಲ್ಲಿ ದುಃಖ ಎಷ್ಟು, ನಿರಾಳ ಎಷ್ಟು ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ.

ಚೀಲದೊಳಗೆ ಬಿಳಿ ಬೂಜು ಹಬ್ಬಿತು, ದಂಟಿನ ಚೂರುಗಳೆಲ್ಲ ಬೆಸೆದು ಬ್ರೆಡ್ಡಿನಂತೆ ಗಟ್ಟಿಯಾದವು. ಬಾಯಿ ಬಿಚ್ಚಿದ ಮೇಲೆ ಮೊಳಕೆ ಬಂತು. ಆದರೆ ನಾನು ಹೇಳಿದ್ದು ಬೀಸಣಿಗೆಯಂತೆ ಅಗಲವಾಗಿ ಅರಳುವ, ವಾರ್ನಿಷ್ ಬಳಿದಂತೆ ಹೊಳೆಯುವ ಅಣಬೆ. ಅವಳ ಕೋಣೆಯಲ್ಲಿ ಬಂದದ್ದು ಕೊಂಬುಗಳು. ಜಿಂಕೆಯ ಕೊಂಬಿನಂತೆ ತೆಳ್ಳಗೆ, ಕೆಂಪಗೆ, ತುದಿಯಲ್ಲಿ ಬೆಳ್ಳಗೆ. ಒಂದರ ಪಕ್ಕ ಒಂದು ಮೇಲೇರುತ್ತಲೇ ಇದ್ದವು, ಅರಳುತ್ತಿರಲಿಲ್ಲ. ಈ ಅಣಬೆಯ ಗುಣವೇ ಹಾಗೆ. ಹೊಸ ಗಾಳಿ ಸಿಕ್ಕರೆ ಅರಳುತ್ತದೆ. ಉಸಿರು ಕಟ್ಟಿದ ಕೋಣೆಯಲ್ಲಿ ಗಾಳಿ ಹುಡುಕಿಕೊಂಡು ಉದ್ದಕ್ಕೆ ಬೆಳೆಯುತ್ತದೆ. ಬೆಳಕು ಬಂದ ಕಡೆಗೆ ಬಾಗುತ್ತದೆ. ಆ ಕೋಣೆಗೆ ಬೆಳಕು ಬರುತ್ತಿದ್ದದ್ದು ಹಲಗೆಯ ಸಂದಿಗಳಿಂದ ಮಾತ್ರ.

"ಅಕ್ಕ, ಇವೆಲ್ಲ ಯಾವ ಕಡೆ ನೋಡ್ತಿವೆ?" ಎಂದು ಕೇಳಿದೆ.

"ಬೆಳಕಿನ ಕಡೆ."

"ಬೆಳಕು ಯಾವ ಕಡೆ?"

"ಬೀದಿ ಕಡೆ."

"ಬೀದೀಲಿ ಆ ಕಡೆ ಯಾರ ಮನೆ..."

"ನಿನ್ನ ಕಾಫಿ ಆರ್ತಿದೆ" ಎಂದಳು.

ಕೊಂಬುಗಳನ್ನು ಒಯ್ದೆ. ಅಂಗಡಿಯವನು ಅವನ್ನು ಬೆರಳಲ್ಲಿ ಎತ್ತಿ, "ಏನಿದು ಮಿಹಲ್, ಯಾವ ಜಿಂಕೆ ಕೊಂದೆ?" ಎಂದ. ಗಾಜಿನ ಕಪಾಟಿನಲ್ಲಿ ಇಡಲು ಅವನಿಗೆ ಅಗಲದ ಬೀಸಣಿಗೆ ಬೇಕು. ಕೊಂಬನ್ನು ಪುಡಿ ಮಾಡಿ ಮಾರಬೇಕಾದೀತು, ಅರ್ಧ ಬೆಲೆಗೂ ಭಾರ ಎಂದ. ಮುಂದಿನ ಸಲ ಯುದಿತಕ್ಕನಿಗೆ ಹೇಳಿದೆ: ಕಿಟಕಿ ತೆರೆ.

ಅವಳು ಸುಮ್ಮನಿದ್ದಳು. ನಾನು ಬೆಲೆ ಏರಿಸಿ ನೋಡಿದೆ. ಆ ಮೌನ ಬೆಲೆಗೆ ಸಂಬಂಧಿಸಿದ್ದಲ್ಲ.

"ಹಾಗಿದ್ರೆ ಗೋಡೆಗೊಂದು ತೂತು ಹೊಡೆದು ಫ್ಯಾನ್ ಹಾಕ್ಸೋಣ" ಎಂದೆ.

"ನಿನ್ನ ಹೊಟ್ಟೆಗೆ ಹೊಡಿ ತೂತು."

"ಅಡುಗೆಮನೆ ಬಾಗಿಲು ತೆಗೆದಿಡು."

"ತೆಗೆದಿಟ್ಟಿದ್ದೆ. ಹಸಿರು ಬೂಜು ಬಂತು. ಎರಡು ಚೀಲ ಗುಂಡಿಗೆ ಹಾಕ್ದೆ."

"ಮತ್ತೆ ಕಿಟಕಿ ತೆರೆಯೋಕೆ ಏನಾಗತ್ತೆ ಅಕ್ಕ? ನಾಲ್ಕು ಜನ ಬಂದು ಯಾರು ಸತ್ರು ಅಂತ ಕೇಳ್ತಾರೆ. ಅಣಬೆ ಅಂತ ಹೇಳು. ನಗ್ತಾರೆ, ಹೋಗ್ತಾರೆ."

ಆಗ ಅವಳು ಮಾತಾಡಿದಳು. ಅಷ್ಟು ವರ್ಷಗಳ ವ್ಯಾಪಾರದಲ್ಲಿ ಅವಳಿಂದ ನಾನು ಕೇಳಿದ ಅತ್ಯಂತ ಉದ್ದದ ಮಾತು ಅದು.

"ಆ ಹಲಗೆ ಎರಡು ಕಾರಣಕ್ಕೆ ತೆರೀತಾರೆ ಅಂತ ನಿಂಗೊತ್ತು. ಒಂದು ನನಗೆ ಹೇಗೂ ಬರತ್ತೆ, ಅದಕ್ಕೆ ನಾನೇನೂ ಮಾಡ್ಬೇಕಿಲ್ಲ. ಇನ್ನೊಂದಕ್ಕೆ ಅಂತ ಇಷ್ಟು ದಿನ ಮುಚ್ಚಿಟ್ಟಿದೀನಿ. ಎಪ್ಪತ್ತರ ಮುದುಕಿಗೆ ಏನು ಹುಚ್ಚು ಅಂತ ನೀನು ಅಂದ್ಕೋಬಹುದು, ಅಂದ್ಕೋ. ಆದ್ರೆ ಅಣಬೆಗೋಸ್ಕರ ತೆರೆದುಬಿಟ್ರೆ, ಆ ಇನ್ನೊಂದು ಇನ್ನು ಇಲ್ಲ ಅಂತ ನಾನೇ ಬೀದಿಗೆಲ್ಲ ಸಾರಿದ ಹಾಗೆ. ಅವನೂ ಅಲ್ಲೇ ಕೂತಿರ್ತಾನಲ್ಲ. ಅವನಿಗೂ ಹೇಳಿದ ಹಾಗೆ."

ವ್ಯಾಪಾರಿ ಮಾತು ತೋಚದಾಗ ಮಳೆ ಬೆಳೆಯ ಕಡೆ ತಿರುಗುತ್ತಾನೆ. ಈ ಸಲ ಜೋಳ ಚೆನ್ನಾಗಿದೆ ಎಂದೆ. ಅವಳು ಹೌದು ಎಂದಳು.

ಆ ಬೇಸಿಗೆಯಲ್ಲಿ ಕಿಟಕಿಯ ಪಕ್ಕದ ಚೀಲದಿಂದ ಎದ್ದ ಒಂದು ಕೊಂಬು ಹಲಗೆಯ ಸಂದಿಗೆ ಬಾಗಿ, ಅದರಲ್ಲೇ ತೂರಿ ಬೀದಿಗೆ ಬಂತು. ಹೊರಗಿನ ಗಾಳಿ ತಗುಲಿದ ತುದಿ, ಒಂದು ಹಿಡಿಯಷ್ಟಗಲ, ಬೀಸಣಿಗೆಯಾಗಿ ಅರಳಿತು. ಮೊದಲು ಕಂಡವಳು ಜೋಫ್ಕಾ.

"ಏನೇ ಯುದಿತಾ, ನಿನ್ನ ಮನೆ ಬೀದಿಗೆ ನಾಲಿಗೆ ಚಾಚ್ತಿದೆಯಲ್ಲೇ! ಯಾರನ್ನ ಅಣಕಿಸ್ತಿದೀಯ?" ಎಂದು ಬೇಲಿಯ ಮೇಲಿಂದ ಕೂಗಿದಳು.

ಯುದಿತಕ್ಕ ಹೊರಗೆ ಬಂದು ಆ ಪುಟ್ಟ ಕೆಂಪು ಬೀಸಣಿಗೆಯ ಮುಂದೆ ನಿಂತಳಂತೆ. ಬಹಳ ಹೊತ್ತು ನಿಂತಿದ್ದಳಂತೆ. ಎದುರು ಬೆಂಚಿನಲ್ಲಿ ಸಾಮ್ಕೊನೂ ಬೀಜ ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದನಂತೆ. ಇದೂ ಜೋಫ್ಕಾ ಹೇಳಿದ್ದೇ. ಮರುದಿನ ಬೆಳಿಗ್ಗೆ ಹಸುವಿನ ಹಾಲು ಕರೆಯುವ ಹೊತ್ತಿಗೆ ಯುದಿತಕ್ಕ ಮುಂಗೋಣೆಗೆ ಹೋಗಿ ಎರಡೂ ಕಿಟಕಿಗಳ ಹಲಗೆಗಳನ್ನು ಗೋಡೆಗೆ ತಾಗುವಂತೆ ಅಗಲವಾಗಿ ತೆರೆದಳು. ಹಳೆಯ ಚೀಲಗಳನ್ನು ಗೊಬ್ಬರದ ಗುಂಡಿಗೆ ಸಾಗಿಸಲು ಗೇಟನ್ನೂ ತೆರೆದಿಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ, ಚೀಲಗಳಿಗೆ ಚಿಮುಕಿಸುವ ಡಬ್ಬಿಗೆ ತುಂಬಲು ನೀರು ಕಾಯಿಸಿ ಆರಲಿಟ್ಟು ಕೂತಳು.

ಬೀದಿಯ ಈಚೆ ಜೋಫ್ಕಾ ಬಾಗಿಲು ತೆರೆದಳು, ಕಿಟಕಿ ನೋಡಿದಳು. ಅಣಬೆಯ ನೆನಪಾದರೂ ಬರಬೇಕಿತ್ತು, ನಾಲಿಗೆಯ ಜೋಕು ಮಾಡಿದವಳೇ ಅವಳು. ಆದರೆ ತೆರೆದ ಹಲಗೆ ಕಂಡ ನಮ್ಮೂರ ಹೆಂಗಸಿಗೆ ಬೇರೇನೂ ಕಾಣುವುದಿಲ್ಲ. ಮದುವೆ ಎಂಬ ಮಾತೇ ಇಲ್ಲ. ಹಾಗಾದರೆ ಉಳಿದದ್ದು ಒಂದೇ. ಕೂಗಿ ನೋಡಲೂ ಇಲ್ಲ, ಸೈಕಲ್ ಹತ್ತಿ ಚರ್ಚಿನ ಗಂಟೆಯವನ ಮನೆಗೆ ಓಡಿದಳು. ಅವನು ಅರ್ಧ ಬೋಳಿಸಿದ ಗಡ್ಡದಲ್ಲೇ ಗೋಪುರ ಹತ್ತಿದ.

ನಮ್ಮ ಗಂಟೆ ಸತ್ತವರು ಗಂಡೋ ಹೆಣ್ಣೋ ಎಂಬುದನ್ನು ಬಡಿತದಲ್ಲೇ ಹೇಳುತ್ತದೆ. ನಾನು ಊರು ಮುಟ್ಟುವಾಗ ಹೆಂಗಸಿನ ಗಂಟೆ ಬಡಿಯುತ್ತಿತ್ತು. ಯಾರಿರಬಹುದು ಎಂದುಕೊಂಡೇ ಬೀದಿಗೆ ತಿರುಗಿದೆ. ಯುದಿತಕ್ಕನ ಹಲಗೆ ತೆರೆದಿದೆ, ಗೇಟು ತೆರೆದಿದೆ, ಅಕೇಶಿಯಾದ ಕೆಳಗೆ ಜನ ಕೂಡಿದ್ದಾರೆ. ಜೋಫ್ಕಾ ತನ್ನ ಹಿತ್ತಲಿನ ಗ್ಲಾಡಿಯೋಲಸ್ ಹೂಗಳನ್ನೆಲ್ಲ ಕೊಯ್ದು ತೋಳಿನ ತುಂಬ ಹಿಡಿದು ಅಳುತ್ತಿದ್ದಾಳೆ.

"ನೆನ್ನೆ ಸಂಜೆ ಬೇಲಿ ಹತ್ರ ಮಾತಾಡಿದ್ವು ಮಿಹಲ್. ಚೆನ್ನಾಗೇ ಇದ್ಲು. ನಾನು ನಾಲಿಗೆ ಅಂತ ಅಂದುಬಿಟ್ಟೆ. ಅದೇ ಕೊನೇ ಮಾತಾಗಿ ಹೋಯ್ತು!"

ವ್ಯಾಪಾರಿಯಾದರೂ ಹೇಳುತ್ತೇನೆ, ಆ ಕ್ಷಣ ನನಗೆ ಅಣಬೆ ನೆನಪಾಗಲಿಲ್ಲ.

ಯಾರೂ ಒಳಗೆ ಹೋಗಿರಲಿಲ್ಲ. ಮೊದಲು ಹೋಗಬೇಕಾದದ್ದು ರಕ್ತಸಂಬಂಧಿ. ಅವಳಿಗೆ ಅಂಥವರು ಉಳಿದಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾಗ ಹಳದಿ ಮನೆಯ ಬಾಗಿಲು ತೆರೆಯಿತು. ಸಾಮ್ಕೊ ಬಂದ. ಆ ಸೆಕೆಯಲ್ಲಿ ಉಣ್ಣೆಯ ಕರಿ ಕೋಟು, ಕತ್ತಿನ ತನಕ ಗುಂಡಿ ಹಾಕಿದ ಅಂಗಿ, ಕೈಯಲ್ಲಿ ಟೋಪಿ. ಯಾರನ್ನೂ ನೋಡಲಿಲ್ಲ. ಬೀದಿ ದಾಟಿದ, ಜನರ ನಡುವೆ ದಾರಿ ಮಾಡಿಕೊಂಡ, ತೆರೆದ ಗೇಟಿನಿಂದ ನೇರ ಒಳಗೆ ನಡೆದ. ನಾನು ಹಿಂದೆ ಹೋದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ; ಬೇರೆ ಯಾರಿಗೂ ಕಾಲು ಬರಲಿಲ್ಲ.

ಮುಂಗೋಣೆಯಲ್ಲಿ ಅಷ್ಟು ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ. ಸಾಮ್ಕೊ ಮಂಚದ ಕಡೆ ನೋಡಿದ. ಹೆಣವಿರಬೇಕಾದ ಕಡೆ ಸಾಲು ಸಾಲು ಚೀಲ, ಚೀಲದ ಬಾಯಿಂದ ಎದ್ದ ಕೆಂಪು ಕೊಂಬುಗಳು. ಅವನ ಕಣ್ಣಿಗೆ ಏನು ಕಂಡಿತೋ, ತಲೆ ಬಗ್ಗಿಸಿ ಮಂಚಕ್ಕೇ ಹೇಳಿದ:

"ಬಂದೆ ಕಣೆ ಯುದಿತ್."

"ಬಾಗಿಲು ಹಾಕ್ಕೋ. ನೊಣ ಬರತ್ತೆ" ಎಂದಳು ಯುದಿತಕ್ಕ, ಅಡುಗೆಮನೆಯ ಹೊಸ್ತಿಲಿನಿಂದ, ನೀರಿನ ಡಬ್ಬಿ ಕೈಯಲ್ಲಿ ಹಿಡಿದು.

ಸಾಮ್ಕೊ ಮಂಚದ ಅಂಚು ಹಿಡಿದುಕೊಂಡು ತಿರುಗಿದ.

"ಗಂಟೆ ಬಡೀತು" ಎಂದ.

"ಕೇಳಿಸ್ತು. ಯಾರಪ್ಪ ಅಂತ ನಾನೂ ಯೋಚಿಸ್ತಿದ್ದೆ."

"ನೀನು ಅಂದ್ರು."

"ನಾನಲ್ಲ."

ಕಿಟಕಿಯ ಹೊರಗೆ ಜನರ ತಲೆಗಳು ಒಂದೊಂದಾಗಿ ಮೇಲೆದ್ದವು. ಜೋಫ್ಕಾ ಅಳು ನಿಲ್ಲಿಸಿ, "ಅಯ್ಯೋ, ಬದುಕಿದಾಳೆ! ನನ್ನ ಹೂವೆಲ್ಲ ಕೊಯ್ದುಬಿಟ್ನಲ್ಲ!" ಎಂದು ಇನ್ನೊಂದು ಬಗೆಯ ಅಳು ಶುರು ಮಾಡಿದಳು. ಯಾರೋ ನಕ್ಕರು, ಗಂಟೆಯವನಿಗೆ ಹೇಳಲು ಯಾರೋ ಓಡಿದರು. ಒಳಗಿದ್ದ ಇಬ್ಬರಿಗೂ ಅದು ಕೇಳಿಸಿದಂತೆ ಕಾಣಲಿಲ್ಲ.

"ಹೆಣ ನೋಡೋಕೆ ಬರೋದಕ್ಕೆ ಮಾತ್ರ ಧೈರ್ಯ ಬಂತಾ?" ಎಂದಳು.

"ಹೆಣ ಬೈಯಲ್ಲ" ಎಂದ ಸಾಮ್ಕೊ.

"ಅಮ್ಮ ಹೋದಾಗಲೂ ನೀನು ಬಂದಿದ್ದೆ. ಮರದ ಕೆಳಗೆ ನಿಂತಿದ್ದೆ."

"ಕರೀತೀಯ ಅಂದ್ಕೊಂಡಿದ್ದೆ."

"ಬರ್ತೀಯ ಅಂದ್ಕೊಂಡಿದ್ದೆ."

ಸಾಮ್ಕೊ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಚೀಲವೊಂದರಿಂದ ಚೂರು ಕಿತ್ತು, ಬೆರಳಲ್ಲಿ ಉಜ್ಜಿ ಮೂಸಿದ.

"ಸೆಣಬು" ಎಂದ.

"ಮತ್ತೇನು."

"ಇದನ್ನ ಕೊಳೆಹಾಕಿದೋನು ಯಾರು? ಅವಸರದಲ್ಲಿ ಎತ್ತಿದಾನೆ."

"ನೀನು ಇದ್ದಿದ್ರೆ ಸರಿಯಾಗಿ ಕೊಳೆಸ್ತಿದ್ದೆ ಬಿಡು" ಎಂದಳು. ಅವಳ ದನಿಯಲ್ಲಿ ಮೊದಲ ಸಲ ಏನೋ ಸಡಿಲವಾದದ್ದು ನನಗೆ ಕೇಳಿಸಿತು. "ಕೂತ್ಕೋ. ಕಾಫಿ ಇಡ್ತೀನಿ."

ಸಾಮ್ಕೊ ತನ್ನ ಕೋಟನ್ನು ತಾನೇ ನೋಡಿಕೊಂಡ. "ಇದ್ರಲ್ಲಿ ಬೇಡ ಯುದಿತ್. ಸಾವಿನ ಬಟ್ಟೆ. ಬದಲಾಯಿಸ್ಕೊಂಡು ಬರ್ತೀನಿ."

ಹೋದ. ಯುದಿತಕ್ಕ ಕಾಫಿ ಇಟ್ಟಳು. ನಾನು ನನ್ನದು ಕುಡಿದೆ. ಮೂರನೆಯ ಬಟ್ಟಲು ಮೇಜಿನ ಮೇಲೆ ಆರುತ್ತಿತ್ತು. ನನಗೆ ಪಟ್ಟಣಕ್ಕೆ ಹೊತ್ತಾಗುತ್ತಿತ್ತು, ಹೊರಟೆ.

ಮುಂದಿನ ಸಲ ಬಂದಾಗ ಹಲಗೆಗಳು ತೆರೆದೇ ಇದ್ದವು. ಮಂಚದ ಮೇಲೆ ಬೀಸಣಿಗೆಗಳು ಅರಳಿದ್ದವು. ಕೆಂಪು ಹೊಳಪು, ಸುತ್ತಲೂ ಹಳದಿ ಗೆರೆ, ಅಂಚಿಗೆ ಬಿಳಿ. ಅಂಗಡಿಯವನು ಕಪಾಟಿನಲ್ಲಿಟ್ಟು ಕೈಮುಗಿಯುವಂಥ ಮಾಲು. ನಾನು ಖುಷಿಯಲ್ಲಿ ಮೊದಲೇ ಒಳ್ಳೆಯ ಬೆಲೆ ಹೇಳಿಬಿಟ್ಟೆ. ಯುದಿತಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಸಾಮ್ಕೊ ಬಂದಿದ್ನಾ?" ಎಂದೆ.

"ಬಟ್ಟೆ ಬದಲಾಯಿಸ್ತಿದಾನೆ" ಎಂದಳು.

ಮಾಲು ವ್ಯಾನಿಗೆ ಹೇರಿ ಬೀದಿ ದಾಟಿದೆ. ಸಾಮ್ಕೊ ಬೆಂಚಿನಲ್ಲಿದ್ದ. ನನಗೆ ಅಪ್ಪನ ವಯಸ್ಸಿನವನು, ಮಾವ ಎನ್ನುತ್ತೇನೆ.

"ಏನ್ ಸಾಮ್ಕೊ ಮಾವ, ನಿಮ್ಮ ಪೆಟ್ಟಿಗೇಲಿ ಬಟ್ಟೆ ಸಿಗ್ಲಿಲ್ವಾ ಇನ್ನೂ?"

ಬಯ್ಯುತ್ತಾನೆ ಎಂದುಕೊಂಡಿದ್ದೆ. ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ನೀನು ವ್ಯಾಪಾರಸ್ಥ, ಹೇಳು. ಯಾವುದು ಹಾಕ್ಕೊಂಡು ಹೋಗ್ಲಿ? ಕರಿ ಕೋಟು ಹಾಕಿದ್ರೆ ಸಾವಿನ ಮನೆಗೆ ಬಂದ ಹಾಗೆ. ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿದ್ರೆ ಬೀದಿಯೋರು ಮದುವೆಯ ಅಕಾರ್ಡಿಯನ್ ಎಲ್ಲಿ ಅಂತ ಕೇಳ್ತಾರೆ. ಕೆಲಸದ ಬಟ್ಟೆ ಹಾಕಿದ್ರೆ ಅವಳಮ್ಮ ಗೇಟಿನಲ್ಲಿ ನಿಂತಿರ್ತಾಳೆ."

"ಅವಳಮ್ಮ ಹೋಗಿ ಎಷ್ಟು ಕಾಲ ಆಯ್ತು ಮಾವ."

"ನಿಂಗೆ ಆ ಹೆಂಗಸು ಗೊತ್ತಿಲ್ಲ" ಎಂದ.

ಬೇಸಿಗೆ ಹೋಯಿತು. ಜೋಳ ಕಟಾವಾಯಿತು, ಬೇಲಿಗಳ ಮೇಲೆ ಕೆಂಪು ಮೆಣಸಿನ ಹಾರಗಳು ಒಣಗಿದವು. ಬೀದಿಯವರಿಗೆ ತೆರೆದ ಹಲಗೆಗಳು ರೂಢಿಯಾದವು. ಮುದುಕಿಯ ಅಣಬೆ ಎಂದುಕೊಂಡು ಹೋಗುತ್ತಿದ್ದರು. ಇಬ್ಬರಿಗೆ ಮಾತ್ರ ರೂಢಿಯಾಗಲಿಲ್ಲ. ಅವಳು ಚೀಲಗಳಿಗೆ ನೀರು ಚಿಮುಕಿಸುವ ನೆಪದಲ್ಲಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು, ಅವನು ಬೆಂಚಿನಲ್ಲಿ ಟೋಪಿ ಎತ್ತಿ ನಮಸ್ಕಾರ ಮಾಡುತ್ತಿದ್ದ. ಮೊದಲು ಅವಳಿಗೆ ಅವನ ಮನೆ ಸಂದಿಯಲ್ಲಿ ಕಾಣುವ ಗೆರೆಗಳಷ್ಟೇ ಆಗಿತ್ತು, ಈಗ ಇಡಿಯಾಗಿ ಕಾಣುತ್ತಿತ್ತು. ಇಡಿಯಾಗಿ ಕಾಣುವುದರಿಂದ ದೂರ ಕಡಿಮೆಯಾಗುವುದಿಲ್ಲ ಎಂದು ಅವಳನ್ನು ನೋಡಿ ನನಗೆ ಅರ್ಥವಾಯಿತು.

ಆಮೇಲೆ ಕೊಶಾವಾ ಗಾಳಿ ಎದ್ದಿತು, ಆಗ್ನೇಯದಿಂದ ಬಂದರೆ ಮೂಳೆಯವರೆಗೂ ಇಳಿಯುವ ಗಾಳಿ. ಎರಡನೆಯ ಬೆಳೆಗೆಂದು ತುಂಬಿದ ಚೀಲಗಳಲ್ಲಿ ಆಗಷ್ಟೇ ಬಿಳಿ ಮೊಳಕೆ ಕಾಣಿಸಿತ್ತು.

"ಅಕ್ಕ, ಹಲಗೆ ಮುಚ್ಚು. ಒಂದು ಒಲೆ ತಂದುಕೊಡ್ತೀನಿ. ಈ ಚಳಿಗೆ ಅಣಬೆ ಸಾಯತ್ತೆ" ಎಂದೆ.

"ಮುಚ್ಚಲ್ಲ."

"ಯಾಕೆ?"

"ಹೆಣ ಎತ್ತಿದ ಮೇಲೆ ಹಲಗೆ ಮುಚ್ತಾರೆ. ಮುಚ್ಚಿದ್ರೆ ಮುಗೀತು ಅಂತ ಅರ್ಥ. ನಾನಾಗಿ ಮುಚ್ಚಲ್ಲ ಮಿಹಲ್." ಶಾಲನ್ನು ಬಿಗಿಯಾಗಿ ಸುತ್ತಿಕೊಂಡಳು. ಅವಳ ಬೆರಳುಗಳು ನೀಲಿಗಟ್ಟಿದ್ದವು. "ಬೆಳೆ ಹೋದ್ರೆ ಹೋಗ್ಲಿ. ನಿನಗೆ ನಷ್ಟ ಆದ್ರೆ ಕ್ಷಮಿಸು."

ನನಗೆ ನಷ್ಟವೇನೋ ನಿಜ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಇಷ್ಟು ವರ್ಷದಲ್ಲಿ ಅವಳಿಂದ ಅಷ್ಟಾದರೂ ಕಲಿತಿದ್ದೇನೆ. ಹೊರಗೆ ಬಂದು ಗೇಟು ಎಳೆದುಕೊಂಡು ವ್ಯಾನಿನಲ್ಲಿ ಕೂತೆ. ಬೀಗದ ಕೈ ತಿರುಗಿಸುವ ಮೊದಲು ಹಳದಿ ಮನೆಯ ಬಾಗಿಲು ತೆರೆದದ್ದು ಕನ್ನಡಿಯಲ್ಲಿ ಕಂಡಿತು.

ಸಾಮ್ಕೊ ಹೊರಗೆ ಬಂದ. ಕಾಲಲ್ಲಿ ಮನೆಯೊಳಗಿನ ಚಪ್ಪಲಿ, ಮೇಲೆ ಮೊಣಕೈ ಸವೆದ ಸ್ವೆಟರು, ತಲೆ ಬರಿದು. ಬಟ್ಟೆಯ ಕಡೆ ಅವನ ಗಮನವೇ ಇದ್ದಂತಿರಲಿಲ್ಲ. ಗಾಳಿಗೆ ಬಡಿದಾಡುತ್ತಿದ್ದ ಹಲಗೆಯನ್ನೇ ನೋಡುತ್ತ ಬೀದಿ ದಾಟಿದ. ಕಿಟಕಿಯ ಕೆಳಗೆ ಬಂದು, ಬಡಿಯುತ್ತಿದ್ದ ಹಲಗೆಯನ್ನು ಅಂಗೈಯಲ್ಲಿ ತಡೆದು ಹಿಡಿದ.

"ಯುದಿತ್, ಗಾಳಿ ಜೋರಾಗಿದೆ. ಮುಚ್ಚಲಾ?"

ಅವಳು ಕಿಟಕಿಗೆ ಬಂದಳು. ಇಬ್ಬರ ನಡುವೆ ಒಂದು ಮೊಳ ಗೋಡೆ.

"ಹೊರಗಿಂದ ಬೇಡ. ಒಳಗಿಂದ ಮುಚ್ಚು" ಎಂದಳು.

ಸಾಮ್ಕೊ ಹಲಗೆಯನ್ನು ಬಿಡಲಿಲ್ಲ. ಆಮೇಲೆ ಅದನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಕೊಂಡಿ ಸಿಕ್ಕಿಸಿ, ಗೇಟಿನ ಹತ್ತಿರ ಹೋದ. ಚಿಲಕ ಅಲ್ಲಾಡಿಸಿದ, ತಳ್ಳಿದ, ಎಳೆದ. ತೆರೆಯಲಿಲ್ಲ. ಆ ಗೇಟಿಗೊಂದು ಕಿತಾಪತಿಯಿದೆ, ನನಗೆ ಗೊತ್ತು. ಇಷ್ಟು ವರ್ಷ ಎದುರು ಮನೆಯಲ್ಲಿದ್ದವನಿಗೆ ಗೊತ್ತಿರಲಿಲ್ಲ. ಇಳಿದು ಹೋಗಿ ತೋರಿಸೋಣವೆಂದು ವ್ಯಾನಿನ ಬಾಗಿಲಿಗೆ ಕೈಹಾಕಿದೆ, ಮತ್ತೆ ಕೈ ಹಿಂದಕ್ಕೆಳೆದುಕೊಂಡೆ.

"ಮೇಲಕ್ಕೆತ್ತು" ಎಂದು ಕಿಟಕಿಯಿಂದ ಯುದಿತಕ್ಕನ ದನಿ ಬಂತು. "ಎತ್ತಿ, ಆಮೇಲೆ ತಳ್ಳು."

ಅವನು ಎತ್ತಿದ, ತಳ್ಳಿದ.

ಹಲಗೆ ಮುಚ್ಚುವುದನ್ನು ನೋಡಿಯೇ ಹೊರಡೋಣ ಎಂದು ನಾನು ಕೂತೆ. ಬೀದಿ ಖಾಲಿಯಾಯಿತು, ಚಿಮಣಿಗಳಲ್ಲಿ ಹೊಗೆ ಎದ್ದಿತು, ಬೆಳಕು ಬೂದಿಯಾಗುತ್ತ ಬಂತು. ಮುಂಗೋಣೆಯಲ್ಲಿ ದೀಪ ಹತ್ತಿತು. ಹಲಗೆ ಮುಚ್ಚುವ ನೆನಪು ಇಬ್ಬರಿಗೂ ಬಂದಂತೆ ಕಾಣಲಿಲ್ಲ. ನನ್ನ ಕೈಕಾಲು ಮರಗಟ್ಟಿದ ಮೇಲೆ ವ್ಯಾನು ಶುರು ಮಾಡಿದೆ. ಆ ಎರಡನೆಯ ಬೆಳೆ ಪೂರ್ತಿ ಚಳಿಗೆ ಹೋಯಿತು.